ಚಿಕ್ಕೀರ ಅವ್ವನಿಗೆ ಪುಸ್ತಕ ತಂದದ್ದು

ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ನಗು ಬಂದರೆ ನಕ್ಕುಬಿಡಿ, ಚಿಕ್ಕೀರ ಬೇಜಾರು ಮಾಡಿಕೊಳ್ಳುವವನಲ್ಲ. ಅವನವ್ವ ಮಂಚಮ್ಮನ ಮಾತು ಬೇರೆ.

ಮಂಚಮ್ಮನಿಗೆ ಇದ್ದವನು ಚಿಕ್ಕೀರ ಒಬ್ಬನೇ ಮಗ. ವಯಸ್ಸು ಇಪ್ಪತ್ತೈದು, ಮೀಸೆ ನೋಡಿದರೆ ಪೈಲ್ವಾನ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅಪ್ಪ ಸಿಂಗ್ರಯ್ಯ ಸ್ಕೂಲಿನ ಜವಾನ. ಹೊಡೆದು ಬಡಿದು ಮಗನಿಗೆ ಅಕ್ಷರ ಕಲಿಸಿದ್ದ. ಮಂಚಮ್ಮನಿಗೆ ಅದೂ ಇಲ್ಲ. ಬೇಸಿಗೆ ರಜ ಬಂತೆಂದರೆ ಸಿಂಗ್ರಯ್ಯ ಪಂಚಾಯ್ತಿ ಲೈಬ್ರರಿಯಿಂದ ಕತೆಪುಸ್ತಕ ತಂದು, ಮಧ್ಯಾಹ್ನ ಜಗಲಿ ಮೇಲೆ ಕೂತು ಓದುತ್ತಿದ್ದ. ಮಂಚಮ್ಮ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾ ಕೇಳುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಒಂದು ಪುಸ್ತಕ ಅರ್ಧ ಆಗಿತ್ತು. ಹೊಳೆಯಾಚೆ ಕೊಟ್ಟ ತಂಗಿಯನ್ನು ನೋಡಲು ಅಣ್ಣ ಹೊರಟಿದ್ದಾನೆ, ಹೊಳೆ ತುಂಬಿ ಬಂದಿದೆ. ಅಷ್ಟಕ್ಕೆ ಸಿಂಗ್ರಯ್ಯ ಹೋಗಿಬಿಟ್ಟ. ಪುಸ್ತಕ ಲೈಬ್ರರಿಗೆ ವಾಪಸ್ಸಾಯಿತು. ಅಣ್ಣ ದಾಟಿದನೋ, ಮುಳುಗಿದನೋ? ವರ್ಷವಿಡೀ ಮಂಚಮ್ಮನಿಗೆ ಅದೇ ಕೊರಗು. ಅಷ್ಟು ಗೊತ್ತಾಗಿಬಿಟ್ಟರೆ ಗಂಡ ಆಡುತ್ತಿದ್ದ ಮಾತು ಮುಗಿಸಿ ಹೋದ ಅನ್ನುವ ಸಮಾಧಾನವಾದರೂ ಸಿಕ್ಕೀತು ಅಂತ ಅವಳ ಆಸೆ.

ಈ ಬೇಸಿಗೆಯೂ ಬಂತು. ಮಂಡಿನೋವಿನ ಮಂಚಮ್ಮ ಲೈಬ್ರರಿತನಕ ನಡೆಯಲಾರಳು. ಮಗನನ್ನು ಕರೆದಳು.

"ಚಿಕ್ಕೀರ, ನಿಮ್ಮಪ್ಪ ಓದ್ತಿದ್ದ ಪುಸ್ತಕ ತಗಬಾರ್ಲಾ. ಹೆಸ್ರು ನಂಗೊತ್ತಿಲ್ಲ. ದಪ್ಪಕ್ಕಿತ್ತು ಕಣ್ಲಾ."

"ದಪ್ಪಕ್ಕಾ? ಆಯ್ತು ಕಣವ್ವ!"

ಹೋದ. ಎಲ್ಲಕ್ಕಿಂತ ದಪ್ಪಗಿದ್ದ ನಿಘಂಟನ್ನು ತಲೆ ಮೇಲೆ ಹೊತ್ತು ತಂದ. ಕೂತ, ಓದಿದ. "ಅಂಕ. ಅಂಕಣ. ಅಂಕುಶ. ಅಂಗಡಿ. ಅಂಗಳ."

"ಅಣ್ಣ ಎಲ್ಲಿ ಬತ್ತನ್ಲಾ?"

"ತಾಳವ್ವ, ಬತ್ತನೆ!"

ಓದಿದ, ಓದಿದ, ಮೂರು ದಿನ ಓದಿದ. ನಾಲ್ಕನೇ ದಿನ ಕುಣಿದಾಡಿದ. "ಅಣ್ಣ ಬಂದ ಕಣವ್ವ!"

"ಬಂದ್ನಾ! ಆಮೇಲೆ?"

"ಆಮೇಲೆ ಅತ್ತಿಗೆ. ಆಮೇಲೆ ಅತ್ತೆ."

"ಅಯ್ಯೋ ಮಂಕುದಿಣ್ಣೆ! ದಪ್ಪ ಇದ್ರಾಯ್ತಾ? ಒಳಗೇನದೆ ಅಂತ ನೋಡ್ಬೇಕು ಕಣ್ಲಾ! ಆ ಪುಸ್ತಕದಲ್ಲಿ ಹೊಳೆ ತುಂಬಾ ನೀರಿತ್ತು. ನೋಡಿ ತಾ, ಹೋಗು!"

"ನೀರಾ? ಆಯ್ತು ಕಣವ್ವ!"

ಹೋದ. ಒಂದೊಂದೇ ಪುಸ್ತಕ ತೆಗೆದ, ತಲೆಕೆಳಗೆ ಹಿಡಿದ, ಒದರಿದ. ಒಂದರಲ್ಲೂ ಒಂದು ಹನಿ ಇಲ್ಲ! ಮೂಲೆಯಲ್ಲಿ ಕುಡಿಯುವ ನೀರಿನ ಮಡಕೆ, ಅದು ಅಲ್ಲಾಡದಿರಲಿ ಅಂತ ಕೆಳಗೆ ಯಾವುದೋ ಹಳೇ ಪುಸ್ತಕ ಇಟ್ಟಿದ್ದರು. ಅದು ತೊಯ್ದು ತೊಪ್ಪೆಯಾಗಿತ್ತು. ಎಳೆದುಕೊಂಡು ಓಡಿ ಬಂದ.

"ನೀರಿದ್ದದ್ದು ಇದೊಂದ್ರಲ್ಲೇ ಕಣವ್ವ! ನೋಡು!" ಅಂತ ಅವ್ವನ ಮುಂದೆ ಹಿಂಡಿದ. ಬಿಡಿಸಿಟ್ಟ ಹುಣಸೆಹಣ್ಣೆಲ್ಲಾ ನೆನೆದುಹೋಯಿತು. ಪುಸ್ತಕವೋ, ದನಗಳ ಕಾಲುಬಾಯಿ ಜ್ವರದ್ದು.

ಮಂಚಮ್ಮ ಹಣೆ ಚಚ್ಚಿಕೊಂಡಳು. "ನಿನ್ನ ಕಟ್ಕಂಡು ನಾನೆಲ್ಲಿಗೋಗ್ಲಿ! ನೀನು ಹುಡುಕಬ್ಯಾಡ. ಮೇಜಿನ ಹಿಂದೆ ಕುರ್ಚಿ ಅದೆಯಲ್ಲ, ಅಲ್ಲಿ ಕೇಳು. ಕೊಡೋಗಂಟ ಬಿಡಬ್ಯಾಡ!"

"ಕುರ್ಚಿ ತಾವಾ? ಆಯ್ತು ಕಣವ್ವ!"

ಹೋದ. ಲೈಬ್ರರಿಯ ಯಶೋದಾ ಮೇಡಂ ಆಗ ಒಳಗೆ ಬೀರು ಒರೆಸುತ್ತಿದ್ದರು. ಕುರ್ಚಿ ಖಾಲಿ. ಖಾಲಿಯಾದರೇನು? ಚಿಕ್ಕೀರ ಕೈ ಮುಗಿದು ನಿಂತ.

"ಕುರ್ಚಿ, ಕುರ್ಚಿ, ನಮ್ಮಪ್ಪ ಓದ್ತಿದ್ದ ಪುಸ್ತಕ ಕೊಡು! ಅಣ್ಣ ಹೊಳೆ ದಾಟೋ ಪುಸ್ತಕ ಕೊಡು! ಅಪ್ಪ ಅರ್ಧಕ್ಕೇ ಹೋದ. ಅವ್ವ ಹುಣಸೆಹಣ್ಣು ಕುಟ್ತಾ ಕುಟ್ತಾ ಅಳ್ತಾಳೆ. ಕೊಡು ಕುರ್ಚಿ!"

ಪೇಪರ್ ಓದುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವನು ಬಿಡಲಿಲ್ಲ, ಹತ್ತು ಸಲ ಕೇಳಿದ. ಮೇಡಂ ಹೊರಗೆ ಬಂದರು. ಅವರು ನಗಲಿಲ್ಲ. "ಸಿಂಗ್ರಯ್ಯನ ಮಗ ಏನಪ್ಪಾ?" ಅಂದರು. ಹೋದ ವರ್ಷದ ರಿಜಿಸ್ಟರ್ ತಿರುವಿ, ಸಿಂಗ್ರಯ್ಯ ಕೊನೆಗೆ ಒಯ್ದ ಪುಸ್ತಕ ಯಾವುದೆಂದು ನೋಡಿ, ಬೀರುವಿನಿಂದ ತೆಗೆದುಕೊಟ್ಟರು. ಸಿಂಗ್ರಯ್ಯ ನಿಲ್ಲಿಸಿದ್ದ ಪುಟದ ಮೂಲೆ ಮಡಚಿದ್ದು ಹಾಗೇ ಇತ್ತು.

"ಕುರ್ಚಿ ಕೊಡ್ಲಿಲ್ಲ ಕಣವ್ವ, ಮೇಡಮ್ಮ ನಡುವೆ ಬಂದು ಕೊಟ್ಬುಟ್ರು. ವಾಪಸ್ ಕೊಟ್ಟುಬರ್ಲಾ?"

ಮಂಚಮ್ಮ ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ಸೆರಗಿನಲ್ಲಿ ಒರೆಸಿ ಮಗನ ಕೈಗೆ ಕೊಟ್ಟಳು. "ಓದಪ್ಪ. ಮೊದ್ಲಿಂದ ಓದು. ಎಲ್ಲಾ ಇನ್ನೊಂದ್ ಕಿತಾ ಕೇಳ್ತೀನಿ."

ಚಿಕ್ಕೀರ ಗಂಟಲು ಹರಿಯುವ ಹಾಗೆ ಶುರುಮಾಡಿದ. "ಮೊದಲನೇ ಮುದ್ರಣ! ಪ್ರತಿಗಳು ಸಾವಿರ! ಹಕ್ಕುಗಳನ್ನು ಕಾದಿರಿಸಿದೆ! ಪುಟ ಒಂದು!" ಉಸಿರು ತೆಗೆದುಕೊಳ್ಳದೆ ಓದಿದ. ಅಣ್ಣ ಯಾರು, ತಂಗಿ ಯಾರು, ಒಂದೂ ತಿಳಿಯಲಿಲ್ಲ.

"ನಿಲ್ಸೋ ನಿಲ್ಸೋ! ದನ ಅಟ್ಟಂಗೆ ಓದ್ತೀಯಲ್ಲೋ! ನಿಮ್ಮಪ್ಪ ಹೆಂಗೋದ್ತಿದ್ದ, ಪಕ್ಕದಲ್ಲೇ ಕುಂತು ನೋಡಿದ್ದೀಯಲ್ಲ? ಹಂಗೇ ಓದು. ಒಂದ್ ಚೂರೂ ಹೆಚ್ಚುಕಮ್ಮಿ ಮಾಡಬ್ಯಾಡ!"

"ಅಪ್ಪನಂಗಾ? ಆಯ್ತು ಕಣವ್ವ!"

ಮಾರನೇ ದಿನ ಚಿಕ್ಕೀರ ಅಪ್ಪನ ಕನ್ನಡಕ ಹಾಕಿಕೊಂಡ. ಕಂಬಕ್ಕೆ ಒರಗಿದ. ಎರಡು ಸಲ ಕೆಮ್ಮಿದ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದ. ತಂಗಿ ಅಳುವಲ್ಲಿ ದನಿ ತಗ್ಗಿಸಿದ, ಅತ್ತೆ ಬೈಯುವಲ್ಲಿ ಕಣ್ಣು ಕೆಕ್ಕರಿಸಿದ. "ಒಂದೀಟು ಮಜ್ಜಿಗೆ ಕೊಡಮ್ಮಿ," ಅಂತಲೂ ಕೇಳಿದ! ಮಂಚಮ್ಮನಿಗೆ ಒಂದು ಕಣ್ಣಲ್ಲಿ ನಗು, ಒಂದು ಕಣ್ಣಲ್ಲಿ ನೀರು. ಬೈಯಲಿಲ್ಲ, ಮಜ್ಜಿಗೆ ಕೊಟ್ಟಳು. ಹತ್ತು ದಿನ ಅವಳ ಮನೆಯಲ್ಲಿ ಗಂಡ ಇದ್ದ ಹಾಗೇ ಇತ್ತು.

ಹನ್ನೊಂದನೇ ಮಧ್ಯಾಹ್ನ ಮೂಲೆ ಮಡಚಿದ್ದ ಪುಟ ಬಂತು. ಮಂಚಮ್ಮ ಕೈಕೆಲಸ ನಿಲ್ಲಿಸಿದಳು.

"ಅಣ್ಣ ದೋಣಿಗೆ ಕಾಲಿಟ್ಟ," ಅಂತ ಓದಿದ ಚಿಕ್ಕೀರ. ಓದಿ ಕನ್ನಡಕ ತೆಗೆದ. ಪುಸ್ತಕ ಎದೆ ಮೇಲಿಟ್ಟುಕೊಂಡು ಉದ್ದಕ್ಕೆ ಮಲಗಿದ. ಟವೆಲನ್ನು ಮುಖದ ಮೇಲೆ ಎಳೆದುಕೊಂಡ.

"ಮುಂದಕ್ಕೋದ್ಲಾ!"

ಟವೆಲ್ ಸರಿಯಲಿಲ್ಲ.

"ಚಿಕ್ಕೀರ! ದಾಟಿದ್ನಾ ಹೇಳ್ಲಾ!"

ಮಾತಿಲ್ಲ, ಅಲುಗಾಟವಿಲ್ಲ.

ಹೋದ ವರ್ಷ ಸಿಂಗ್ರಯ್ಯನೂ ಇಷ್ಟಕ್ಕೇ ನಿಲ್ಲಿಸಿ ಹೀಗೇ ಮಲಗಿದ್ದ. ಪಾಪ, ದಣಿದಿದ್ದಾನೆ, ಒಂದು ಗಳಿಗೆ ಮಲಗಲಿ ಅಂತ ಮಂಚಮ್ಮ ಸುಮ್ಮನಿದ್ದಳು. ಸದ್ದಾದೀತು ಅಂತ ಹಣ್ಣು ಕುಟ್ಟುವುದನ್ನೂ ಬಿಟ್ಟು, ಬೀಜವನ್ನು ಬೆರಳಲ್ಲೇ ಬಿಡಿಸುತ್ತಾ ಹೊತ್ತು ಇಳಿಯುವವರೆಗೆ ಕೂತಿದ್ದಳು. ಆಮೇಲೆ ಕಾಫಿ ತಂದು ಕರೆದಾಗ ಅವನ ಕೈ ತಣ್ಣಗಿತ್ತು.

ಈ ಸಲ ಅವಳು ಮಂಡಿನೋವು ಮರೆತು ಎದ್ದಳು. ಬಿದ್ದು ಎದ್ದು ಬಂದಳು. ಎರಡೂ ಕೈಯಲ್ಲಿ ಮಗನ ಭುಜ ಹಿಡಿದು ಅಲ್ಲಾಡಿಸಿದಳು. "ಏಳಪ್ಪಾ! ನಿನ್ ದಮ್ಮಯ್ಯ ಅಂತೀನಿ, ಏಳೋ! ಪುಸ್ತಕ ಹಾಳಾಗೋಗ್ಲಿ, ಎದ್ದೇಳೋ!"

ಟವೆಲಿನ ಒಳಗಿಂದ ಚಿಕ್ಕೀರ ಮೆಲ್ಲಗೆ ಅಂದ: "ಸುಮ್ಕಿರವ್ವ, ಹೆಚ್ಚುಕಮ್ಮಿ ಆಯ್ತದೆ. ಅಪ್ಪನ್ನ ನೀನು ಎಬ್ಬಿಸ್ಲೇ ಇಲ್ವಲ್ಲ."