ಹೊಳೆಯ ದಾರಿಗೆ ಅಡ್ಡ ಕೂತ ಬೊಡ್ಡೆ

ಮಲಪ್ರಭೆಯ ದಂಡೆಯಲ್ಲೊಂದು ಮಠ. ಮಠ ಅನ್ನುವುದು ಮರ್ಯಾದೆಯ ಮಾತು. ಅಲ್ಲಿದ್ದದ್ದು ಎರಡು ಕೋಣೆ, ಒಂದು ಕಟ್ಟೆ, ನಿರುಪಾದಜ್ಜ ಎಂಬ ಗುರು, ಗದಿಗೆಪ್ಪ ಎಂಬ ಶಿಷ್ಯ. ಗುರುವಿಗೆ ಎಂಬತ್ತು ದಾಟಿತ್ತು, ಶಿಷ್ಯನಿಗೆ ನಲವತ್ತು.

ಆ ವರ್ಷ ಹೊಳೆ ತುಂಬಿ ಬಂದು ದಂಡೆಯ ಹುಣಸೆಮರವನ್ನು ಉರುಳಿಸಿತು. ಕೊಂಬೆ, ಕಾಂಡಗಳನ್ನು ಊರವರು ಒಲೆಗೆ ಒಯ್ದರು. ಬೊಡ್ಡೆಯ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ. ಅದು ಬೇರು ಸಮೇತ ಹೊಳೆಗಿಳಿಯುವ ಮೆಟ್ಟಿಲಿಗೆ ಅಡ್ಡಲಾಗಿ ಕೂತುಬಿಟ್ಟಿತ್ತು.

ಐವತ್ತು ವರ್ಷ ದಿನ ತಪ್ಪದೆ ಹೊಳೆಯಲ್ಲಿ ಮುಳುಗೆದ್ದ ಅಜ್ಜ ಈಗ ಬಾವಿಯ ನೀರಿನಲ್ಲಿ ಮೈ ಒರೆಸಿಕೊಂಡು ಸುಮ್ಮನಾದರು. ಮೊಣಕಾಲು ಸೋತಿದ್ದವು. ಬೊಡ್ಡೆ ಹತ್ತಿ ಇಳಿಯುವುದು ಅವರಿಂದ ಆಗದ ಮಾತು.

“ಹೊತ್ಕೊಂಡು ಇಳಸ್ತೀನ್ರಿ ಅಜ್ಜಾರ,” ಎಂದ ಗದಿಗೆಪ್ಪ.

“ನಾ ಏನು ಪಾಲ್ಕ್ಯಾಗಿನ ದೇವರೇನೋ ತಮ್ಮಾ? ದಾರಿ ಆದ್ರ ನಡಕೊಂತ ಹೋಗ್ತೀನಿ.”

ಅಜ್ಜ ನಗುತ್ತಲೇ ಹೇಳಿದರು. ಆದರೆ ಆ ನಾಲ್ಕು ಮಾತಿಗೇ ಅವರಿಗೆ ಏದುಸಿರು ಬಂತು. ಹೊಳೆಯ ನೀರು ಮುಟ್ಟದೆಯೇ ಅಜ್ಜ ಹೋಗಿಬಿಟ್ಟರೆ? ಅವತ್ತಿನಿಂದ ಗದಿಗೆಪ್ಪನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ತಾಲೂಕಿಗೆ ಹೋದವನೇ ಬಾಡಿಗೆ ಅಂಗಡಿಯಿಂದ ಮರ ಕೊಯ್ಯುವ ಮಷೀನು ತಂದ. ಚೈನು ಸುತ್ತುವ ಅದರ ಪಟ್ಟಿ ಅಂಗಡಿಯಲ್ಲಿದ್ದವುಗಳಲ್ಲೇ ಉದ್ದದ್ದು. ಅಜ್ಜ ಕಟ್ಟೆಯ ಮೇಲೆ ಕೂತು ಅದರ ಮೈ ಸವರಿದರು. ಕಾವಿ ಉಡುವ ಮೊದಲು ಅವರು ಸಾ ಮಿಲ್ಲಿನಲ್ಲಿ ಗರಗಸ ಮಸೆಯುತ್ತಿದ್ದವರು. ಕಣ್ಣು ಮಂಜಾಗಿದ್ದರೂ ಬೆರಳು ಏನನ್ನೂ ಮರೆತಿರಲಿಲ್ಲ.

“ಇದನ್ನ ಯಾಕ ಆರಿಸಿದಿ?”

“ಇದರ ಪಟ್ಟಿ ಎಲ್ಲಕ್ಕಿಂತ ಉದ್ದ ಐತ್ರಿ.”

“ಅಷ್ಟುದ್ದ ಪಟ್ಟಿ ಮ್ಯಾಲ ಚೈನ್ ಎಳಿಯೂ ತಾಕತ್ತು ಎಂಜಿನ್ನಿಗೆ ಐತೇನಂತ ಕೇಳಿದೇನು?”

ಕೇಳಿರಲಿಲ್ಲ. ಹುಣಸೆ ಅಂದರೆ ಹುಡುಗಾಟವಲ್ಲ. ಪಟ್ಟಿ ಗೇಣು ಇಳಿಯುವುದರೊಳಗೆ ಎಂಜಿನ್ನು ಗೊರಗುಟ್ಟಿ ನಿಂತಿತು.

ಗದಿಗೆಪ್ಪ ಅದನ್ನು ಹಿಂದಿರುಗಿಸಿ, ಎಂಜಿನ್ನು ದೊಡ್ಡದಿದ್ದು ಪಟ್ಟಿ ಗಿಡ್ಡವಿದ್ದ ಇನ್ನೊಂದನ್ನು ತಂದ. ಮುಖ ಮಾತ್ರ ಗಂಟಿಕ್ಕಿತ್ತು.

“ಇದು ಬೊಡ್ಡಿ ಅರ್ಧಕ್ಕ ಅಷ್ಟ ಮುಟ್ಟತೈತ್ರಿ.”

“ಈ ಕಡಿಂದ ಅರ್ಧ ಕೊಯ್ಯಿ, ಆ ಕಡಿಂದ ಅರ್ಧ ಕೊಯ್ಯಿ.”

ಮರುದಿನ ಕೊಯ್ಯತೊಡಗಿದ. ಸ್ವಲ್ಪ ಹೊತ್ತಿಗೆ ಹೊಗೆಯಾಡಿತು. ಇಡೀ ಮೈಭಾರ ಹಾಕಿ ಒತ್ತಿದ. ಅಜ್ಜ ಕಟ್ಟೆಯಿಂದಲೇ ಕೈ ಮಾಡಿ ಕರೆದರು.

“ಕೆಳಗ ಬಿದ್ದದ್ದನ್ನ ಒಂದು ಹಿಡಿ ತಗೊಂಡು ಬಾ.”

ತಂದುಕೊಟ್ಟ. ಅಜ್ಜ ಅದನ್ನು ಬೆರಳಲ್ಲಿ ಹೊಸಕಿದರು.

“ಇದು ಹಿಟ್ಟು. ಹಲ್ಲು ಚೂಪ ಇದ್ರ ಚಕ್ಕಿ ಬೀಳಬೇಕು.”

“ಚೈನ್ ಹೊಸಾದು ಐತ್ರಿ ಅಜ್ಜಾರ!”

“ಬೊಡ್ಡಿ ತೊಳದೇನು?”

ಬೊಡ್ಡೆಯನ್ನು ಯಾರಾದರೂ ತೊಳೆಯುತ್ತಾರೆಯೇ? ಆದರೆ ಹೊಳೆ ತಂದ ಉಸುಕು ತೊಗಟೆಯ ಸಂದುಸಂದಿನಲ್ಲಿ ಮೆತ್ತಿಕೊಂಡಿತ್ತು. ಅದನ್ನು ಕಡಿದು ಕಡಿದು ಹೊಸ ಹಲ್ಲೆಲ್ಲ ಮೊಂಡಾಗಿದ್ದವು. ಗದಿಗೆಪ್ಪ ಕೊಡಗಟ್ಟಲೆ ನೀರು ಹೊತ್ತು, ಎಮ್ಮೆ ತಿಕ್ಕಿದಂತೆ ಬೊಡ್ಡೆಯನ್ನು ತಿಕ್ಕಿ ತೊಳೆದ.

“ನನ್ನ ಬೆನ್ನು ಒಮ್ಮೆರ ಹಿಂಗ ತಿಕ್ಕೀಯೇನೋ?” ಎಂದು ಅಜ್ಜ ಕಾಡಿಸಿದರು. ಗದಿಗೆಪ್ಪನಿಗೆ ನಗು ಬರಲಿಲ್ಲ.

ಆಮೇಲೆ ದುಂಡನೆಯ ಅರ ಹಿಡಿದು ಹಲ್ಲು ಮಸೆದ. ಚೈನಿನ ಹಲ್ಲು ಒಂದು ಬಲಕ್ಕೆ ಮುಖ ಮಾಡಿದರೆ ಮುಂದಿನದು ಎಡಕ್ಕೆ. ಬಲದವು ಕೈಗೆ ಸಲೀಸು, ಚೆನ್ನಾಗಿ ಮಸೆದ. ಎಡದವನ್ನು ಹೇಗೋ ಮುಗಿಸಿದ. ಮತ್ತೆ ಕೊಯ್ದಾಗ ಪಟ್ಟಿ ಬಲಕ್ಕೆ ಎಳೆಯುತ್ತ ಹೋಗಿ ಬೊಡ್ಡೆಯೊಳಗೇ ಸಿಕ್ಕಿಕೊಂಡಿತು.

ಬಿಡಿಸಿ ತರುವಷ್ಟರಲ್ಲಿ ಸಾಕುಸಾಕಾಯಿತು. ಅಜ್ಜ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

“ಈ ಮಗ್ಗಲಿನವು ಚೊಲೊ ಮಸದಿ. ಆ ಮಗ್ಗಲಿನವು?”

“ಆ ಕಡೆ ಕೈ ಒಗ್ಗೂದಿಲ್ರಿ.”

“ಹಂಗಾರ ಆ ಕಡಿಂದನ ಸುರು ಮಾಡು. ಎಣಿಸಿ ಮಸಿ. ಇದಕ್ಕ ಎಷ್ಟು ಸಲವೋ ಅದಕ್ಕೂ ಅಷ್ಟ ಸಲ.”

ಗದಿಗೆಪ್ಪ ಕೂತ. ಏಳು ಹಲ್ಲು ಮಸೆದವನು ಅರವನ್ನು ನೆಲಕ್ಕೆ ಬಿಸಾಕಿದ.

“ನಾ ಹಿಂಗ ಹಲ್ಲು ಎಣಿಸ್ಕೊಂತ ಕುಂತ್ರ ಹೆಂಗ್ರಿ ಅಜ್ಜಾರ? ನಿಮ್ಮ ಉಸರು ಕೇಳಿದ್ರ ನನಗ ಅಂಜಿಕಿ ಆಗತೈತಿ. ನೀವು ಹೊಳಿ ಮುಟ್ಟದ ಹ್ವಾದ್ರ...”

ನಲವತ್ತರ ಗಂಡಸು ಮಗುವಿನ ಹಾಗೆ ಅತ್ತ.

ಅಜ್ಜ ಅವನ ಅಳು ನಿಲ್ಲುವವರೆಗೆ ಕಾದರು. ಆಮೇಲೆ ನೆಲ ತಡವಿ ಅರ ಹುಡುಕಿ, ಅವನ ಕೈಯಲ್ಲಿಟ್ಟು, ಆ ಕೈಯ ಮೇಲೆ ತಮ್ಮ ಕೈ ಇಟ್ಟರು.

“ಎಷ್ಟು ಆಗಿದ್ದುವು?”

“ಏಳು.”

“ನಡಿ, ಎಂಟನೇದು ಮಸಿಯೂಣು.”

ಅವತ್ತು ಉಳಿದ ಹಲ್ಲನ್ನೆಲ್ಲ ನಾಲ್ಕು ಕೈ ಸೇರಿ ಮಸೆದವು. ಅರ ನೆಟ್ಟಗೆ ಹೋಗುತ್ತಿತ್ತು.

ಮಷೀನು ಈ ಸಲ ಒತ್ತದೆಯೇ ಇಳಿಯಿತು. ಅಗಲಗಲ ಚಕ್ಕೆ ಹಾರಿ ಗದಿಗೆಪ್ಪನ ಕಾಲ ಮೇಲೆ ಬಿದ್ದವು. ಟ್ಯಾಂಕು ಬರಿದಾದಾಗಲೆಲ್ಲ ಅವನು ಕೂತ. ಚೈನಿನ ಎಣ್ಣೆ ನೋಡಿದ, ಸಡಿಲಾದದ್ದನ್ನು ಬಿಗಿ ಮಾಡಿದ, ಎರಡೂ ಮಗ್ಗಲಿನ ಹಲ್ಲನ್ನು ಎಣಿಸಿ ಮಸೆದ. ಅವಸರ ಅವನೊಳಗೆ ಇನ್ನೂ ಇತ್ತು, ಕೈಗೆ ಮಾತ್ರ ಇಳಿಯಲಿಲ್ಲ.

ಆರನೆಯ ದಿನ ಒಂದು ದೊಡ್ಡ ತುಂಡು ಕಳಚಿ ಉರುಳಿತು. ಸಂದಿನಲ್ಲಿ ಮೆಟ್ಟಿಲು ಕಂಡಿತು, ಅದರಾಚೆ ನೀರು. ಗದಿಗೆಪ್ಪ ಮಷೀನು ಆರಿಸಿ ಮಠಕ್ಕೆ ಓಡಿದ.

“ದಾರಿ ಆತ್ರಿ ಅಜ್ಜಾರ! ಒಬ್ಬರು ಆರಾಮ ಹೋಗೂವಷ್ಟು ಆಗೇತಿ. ಏಳ್ರಿ, ಏಳ್ರಿ!”

ಅಜ್ಜ ಕೋಲೂರಿಕೊಂಡು ಬಂದರು. ಸಂದಿನ ಎರಡೂ ಬದಿಯನ್ನು ಅಂಗೈಯಿಂದ ಸವರಿದರು. ಕೆಳಗೆ ಹರಿಯುವ ನೀರಿನ ಸದ್ದಿಗೆ ಒಂದು ಗಳಿಗೆ ಕಿವಿಗೊಟ್ಟರು. ಅವರ ಮುಖ ಅರಳಿತು. ಆದರೆ ಇಳಿಯಲಿಲ್ಲ. ಕೊಯ್ದಿಟ್ಟ ಒಂದು ತುಂಡಿನ ಮೇಲೆ ಕೂತುಬಿಟ್ಟರು.

“ಯಾಕ್ರಿ ಅಜ್ಜಾರ, ಸಾಲೂದಿಲ್ಲೇನ್ರಿ?”

“ನನ್ನೊಬ್ಬಗ ಸಾಕು ತಮ್ಮಾ. ಇನ್ನೊಂದು ಮೊಳ ಕೊಯ್ಯಿ, ಜೋಡೀಲೆ ಇಳಿಯೂಣು. ಅಲ್ಲೀತನಕ ನಾ ಎಲ್ಲಿಗೂ ಹೋಗೂದಿಲ್ಲ.”