ಕರಡಿಯ ಹಿಮ್ಮಡಿ

ಕುರುಚಲು ಕಾಡಿನ ಮುದಿ ಕರಡಿಗೆ ಹಿಮ್ಮಡಿ ನೋವು ಬಂದು ವರ್ಷಗಳೇ ಆಗಿದ್ದವು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಜೀವವೇ ಹೋದಂತಾಗುತ್ತಿತ್ತು. ಬಿಸಿ ಮರಳಿನಲ್ಲಿ ಕಾಲು ಹೂತು ಕೂತಿತು, ಬೇರು ಅರೆದು ಹಚ್ಚಿತು, ಗುಣವಾಗಲಿಲ್ಲ. ಕೊನೆಗೆ ವೈದ್ಯ ಮುಳ್ಳುಹಂದಿಯ ಬಳಿಗೆ ಹೋಯಿತು.

“ವೈದ್ಯರೇ, ಕೊಯ್ದುಬಿಡಿ. ಮತ್ತೆ ಆ ಬಂಡೆಗುಡ್ಡ ಹತ್ತಬೇಕು. ಹಿಂದೆ ಎರಡು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹತ್ತುತ್ತಿದ್ದೆ. ಜೇನು ಕಂಡರೆ ಸಾಕು, ಎರಡೂ ನನ್ನ ಕಿವಿ ಹಿಡಿದು ಎಳೆಯುತ್ತಿದ್ದವು.”

“ಆ ಮರಿಗಳು ಈಗೆಲ್ಲಿ?”

“ದೊಡ್ಡವಾದವು. ಗುಡ್ಡದಾಚೆ ಅವುಗಳದ್ದೇ ಗುಹೆಗಳಿವೆ.”

ಮುಳ್ಳುಹಂದಿ ಹಿಮ್ಮಡಿಯನ್ನು ಒತ್ತಿ ನೋಡಿತು. “ಅಮ್ಮಾ, ಕೊಯ್ದರೆ ನೋವು ಕಡಿಮೆಯಾಗಬಹುದು, ಆಗದೆಯೂ ಇರಬಹುದು. ಬಹಳ ದಿನ ಗುಹೆ ಬಿಟ್ಟು ಏಳುವಂತಿಲ್ಲ. ಎಲ್ಲ ಸರಿಹೋಗಿ ನೀವು ಗುಡ್ಡ ಹತ್ತಿದರೂ ಬೆನ್ನು ಖಾಲಿಯೇ ಇರುತ್ತದೆ. ಅದಕ್ಕೆ ನನ್ನಲ್ಲಿ ಮದ್ದಿಲ್ಲ.”

ಕರಡಿ ಗುಡ್ಡದ ಕಡೆ ನೋಡಿತು. ಕಿವಿಯನ್ನು ಒಮ್ಮೆ ಮುಟ್ಟಿಕೊಂಡಿತು.

“ಗುಡ್ಡ ಬೇಡ ವೈದ್ಯರೇ,” ಎಂದಿತು. “ಹಳ್ಳಕ್ಕಿಳಿದು ನೀರು ಕುಡಿದು ಬರುವಂತಾದರೆ ಸಾಕು. ಬೇರೆಯವರು ತಂದುಕೊಟ್ಟ ನೀರು ನನಗೆ ರುಚಿಸುವುದಿಲ್ಲ.”

“ಅಷ್ಟಕ್ಕಾದರೆ ಪ್ರಯತ್ನಿಸೋಣ,” ಎಂದು ಮುಳ್ಳುಹಂದಿ ತನ್ನ ಬೆನ್ನಿನಿಂದ ಚೂಪಾದ ಮುಳ್ಳೊಂದನ್ನು ಕಿತ್ತುಕೊಂಡಿತು.

ಕರಡಿ ಕಾಲು ಚಾಚಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅದು ತುಸು ಕುಂಟುತ್ತಲೇ ಹಳ್ಳಕ್ಕಿಳಿಯಿತು. ಹೊಟ್ಟೆ ತುಂಬ ಕುಡಿದು, ಹಿಂದಿರುಗಲು ಅವಸರವೇ ಇಲ್ಲದಂತೆ ಸಂಜೆಯವರೆಗೂ ನೀರಿನಲ್ಲೇ ನಿಂತಿತ್ತು.