ಕನಸಿನಲ್ಲಿ ಹೊಲಿದ ಸೂಜಿ

ಹೊಲಿಗೆ ಡಬ್ಬಿಯ ಸೂಜಿಯೊಂದು ಫೀಸು ಕಟ್ಟಿ, ಕೌದಿ ಹೊಲಿಯುವುದನ್ನು ಕಲಿಸುವ ಆನ್‌ಲೈನ್ ಕ್ಲಾಸಿಗೆ ಸೇರಿತು. ಮೊಬೈಲೇ ಅದರ ಗುರು. ದಿನಾ ಮಧ್ಯಾಹ್ನ ಮೊಬೈಲು ಪಾಠ ತೋರಿಸುತ್ತಿತ್ತು. ಸೂಜಿ ಡಬ್ಬಿಯ ಅಂಚಿಗೆ ಒರಗಿ ನೋಡುತ್ತ, ನೋಡುತ್ತಲೇ ನಿದ್ದೆಗೆ ಜಾರುತ್ತಿತ್ತು. ಕನಸಿನಲ್ಲಿ ಅದು ಮೋಡದ ತುಂಡುಗಳನ್ನು ಜೋಡಿಸಿ ಆಕಾಶಕ್ಕೊಂದು ಕೌದಿ ಹೊಲಿಯುತ್ತಿತ್ತು.

ಮಂಚದ ಮೇಲಿನ ಹಳೆಯ ಕೌದಿ ಒಂದು ದಿನ ಕರೆಯಿತು. "ಮಗಳೇ, ನನ್ನ ಮಗ್ಗುಲು ಹರಿದಿದೆ. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ನನ್ನನ್ನು ಹೊಲಿದವಳು ಒಳಗೆ ಹಿಡಿ ಅಕ್ಕಿ ಇಟ್ಟಿದ್ದಳು. ಅದು ಉದುರಿಹೋಗುತ್ತಿದೆ. ನಾಲ್ಕು ಹೊಲಿಗೆ ಹಾಕು."

"ಹರಿದದ್ದನ್ನು ಹೊಲಿಯುವ ಪಾಠ ಇನ್ನೂ ಬಂದಿಲ್ಲ, ಅಜ್ಜಿ. ಕಲಿತು ಬರುತ್ತೇನೆ," ಎಂದಿತು ಸೂಜಿ.

ಆ ಪಾಠ ಬಂತು, ಅದರಾಚೆಯ ಪಾಠಗಳೂ ಬಂದು ಮುಗಿದವು. ಕೊನೆಗೊಮ್ಮೆ ಸೂಜಿ ಡಬ್ಬಿಯಿಂದ ಇಳಿದು ಬಂದಾಗ ಅದರ ಮೈಯೆಲ್ಲ ತುಕ್ಕು. ಮೊನೆ ಬಟ್ಟೆಯೊಳಗೆ ಇಳಿಯಲೇ ಇಲ್ಲ. ಅಷ್ಟರಲ್ಲಿ ಗುಬ್ಬಿಗಳು ಕೊನೆಯ ಅಕ್ಕಿಕಾಳನ್ನೂ ಹೆಕ್ಕಿಕೊಂಡು ಹೋಗಿದ್ದವು.

ಸೂಜಿ ಮೊಬೈಲಿನತ್ತ ತಿರುಗಿತು. "ಗುರುಗಳೇ, ಕಟ್ಟಿದ ಫೀಸೂ ದಂಡ, ಕಳೆದ ಹೊತ್ತೂ ದಂಡ."

"ಪ್ರತಿ ಪಾಠದ ಕೊನೆಗೂ ನಾನೊಂದು ಮಾತು ಹೇಳುತ್ತಿದ್ದೆ. ನೆನಪಿದೆಯೇ?"

"ಇಲ್ಲ. ಅಷ್ಟು ಹೊತ್ತಿಗೆ ನನಗೆ ಕನಸು ಬೀಳುತ್ತಿತ್ತು."

ಮೊಬೈಲು ಮೆಲ್ಲಗೆ ಹೇಳಿತು: "ಇನ್ನು ನನ್ನನ್ನು ಬದಿಗಿಟ್ಟು ದಾರ ಪೋಣಿಸಿಕೊ, ಎನ್ನುತ್ತಿದ್ದೆ."